ಗ್ರೀಕ್-ಪರ್ಷಿಯಾ ಯುದ್ಧದ ಕತೆ ಮಕ್ಕಳಿಗೆ ಹೇಳುವುದು ಹೇಗೆ? ಮುನ್ನೂರು ವೀರರಿಂದ ಮಾತ್ರ ಶುರು ಮಾಡಬೇಡಿ

ಮೊದಲ ಸಲ ಈ ಕತೆ ಹೇಳಿದಾಗ ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಅಕ್ಕನ ಮಗ ಬೇಸಿಗೆ ರಜೆಗೆ ಬಂದಿದ್ದ. ಹತ್ತು ವರ್ಷ. ಕರೆಂಟ್ ಹೋಗಿತ್ತು, ಏನಾದರೂ ಕತೆ ಹೇಳು ಚಿಕ್ಕಮ್ಮ ಅಂತ ಗಂಟುಬಿದ್ದ. ಸರಿ ಅಂತ ಸ್ಪಾರ್ಟಾದ ಮುನ್ನೂರು ವೀರರು, ಇಕ್ಕಟ್ಟಾದ ದಾರಿ, ಎದುರಿಗೆ ಲಕ್ಷಗಟ್ಟಲೆ ಪರ್ಷಿಯನ್ ಸೈನ್ಯ ಅಂತ ಕೈ ಬೀಸಿ ಬೀಸಿ ಹೇಳಿದೆ. ಬಾಯಿಬಿಟ್ಟುಕೊಂಡು ಕೇಳಿದ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: "ಅವರು ಅಷ್ಟು ದೂರದಿಂದ ಯಾಕೆ ಬಂದ್ರು?" ನಾನು "ಅವರು ಕೆಟ್ಟವರು, ಅದಕ್ಕೆ" ಅಂದುಬಿಟ್ಟೆ. ಅವನಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಆಮೇಲೆ ಕೂತು ಓದಿಕೊಂಡೆ. ಅವನಿಗೆ, ಅವನ ತಂಗಿಗೆ, ಪಕ್ಕದ ಮನೆ ಮಕ್ಕಳಿಗೆ ಎರಡು ಮೂರು ರಜೆಗಳಲ್ಲಿ ಬೇರೆ ಬೇರೆ ಥರ ಹೇಳಿ ನೋಡಿದೆ. ಯಾವುದು ಹಿಡಿಸಿತು, ಯಾವುದು ಕೆಟ್ಟಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಸಲಹೆ ಇಷ್ಟೇ: ಕತೆಯನ್ನು ಪರ್ಷಿಯಾದ ಕಡೆಯಿಂದ ಶುರು ಮಾಡಿ, ಮತ್ತು ನಡುನಡುವೆ "ಇದನ್ನು ನಮಗೆ ಹೇಳಿದ್ದು ಯಾರು?" ಅಂತ ಮಕ್ಕಳ ಬಾಯಲ್ಲೇ ಕೇಳಿಸಿ. ಯಾಕೆಂದರೆ ಈ ಯುದ್ಧದ ಬಗ್ಗೆ ಪರ್ಷಿಯನ್ನರೇ ಬರೆದ ಕತೆ ಒಂದೂ ಉಳಿದಿಲ್ಲ. ನಮಗೆ ಸಿಕ್ಕಿರುವುದೆಲ್ಲ ಗೆದ್ದವರು ಹೇಳಿದ್ದು. ಇಬ್ಬರು ಜಗಳ ಆಡಿಕೊಂಡು ಬಂದಾಗ ಒಬ್ಬನ ಮಾತು ಮಾತ್ರ ಕೇಳಿದರೆ ಏನಾಗುತ್ತದೆ ಅಂತ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ನೆಲದ ಮೇಲೆ ಒಂದು ಭೂಪಟ

ಸೀಮೆಸುಣ್ಣ ತೆಗೆದುಕೊಂಡು ಹಾಲ್‌ನಲ್ಲೋ ತಾರಸಿಯಲ್ಲೋ ದೊಡ್ಡದಾಗಿ ಭೂಪಟ ಬರೆಯಿರಿ. ಚೆನ್ನಾಗಿ ಬರಬೇಕು ಅಂತೇನಿಲ್ಲ. ಬಲಗಡೆ ಸಿಂಧು ನದಿ, ನಡುವೆ ಇರಾನ್, ಅದರ ಎಡಕ್ಕೆ ಇರಾಕ್, ಆಮೇಲೆ ಟರ್ಕಿ, ಕೆಳಗೆ ಈಜಿಪ್ಟ್. ಟರ್ಕಿ ದಾಟಿದರೆ ಏಜಿಯನ್ ಸಮುದ್ರ, ಅದರ ಆಚೆ ದಡದಲ್ಲಿ ಗ್ರೀಸ್. ಈಗ ಸಿಂಧುವಿನಿಂದ ಟರ್ಕಿಯ ತುದಿಯವರೆಗೆ ಪೂರ್ತಿ ಒಂದೇ ಬಣ್ಣ ಬಳಿಯಲು ಹೇಳಿ. ಕೈ ನೋಯುತ್ತದೆ ಅನ್ನುತ್ತಾರೆ. ಅನ್ನಲಿ, ಅದೇ ಬೇಕಾಗಿದ್ದು. ಇಷ್ಟೂ ಒಬ್ಬನೇ ರಾಜನದು. ಕ್ರಿ.ಪೂ. 550ರ ಹೊತ್ತಿಗೆ ಸೈರಸ್ ಕಟ್ಟಲು ಶುರು ಮಾಡಿದ ರಾಜ್ಯ, ಡೇರಿಯಸ್‌ನ ಕಾಲಕ್ಕೆ ಇಷ್ಟು ದೊಡ್ಡದಾಗಿತ್ತು. ಆಮೇಲೆ ಒಂದು ಹುಣಸೆಬೀಜ ತಂದು ಗ್ರೀಸ್‌ನಲ್ಲಿಡಿ. ಅದು ಅಥೆನ್ಸ್. ಇನ್ನೊಂದು ಬೀಜ ಸ್ಪಾರ್ಟಾ. ಗ್ರೀಸ್ ಅಂತ ಆಗ ಒಂದು ದೇಶ ಇರಲೇ ಇಲ್ಲ, ಪ್ರತಿ ಊರೂ ಒಂದೊಂದು ರಾಜ್ಯ, ಅಂಥವು ನೂರಾರು, ಅವುಗಳ ನಡುವೆ ಸದಾ ಜಗಳ.

ಭೂಪಟದ ಮೇಲೆ ಒಂದು ಗೆರೆ ಎಳೆಯಿರಿ. ಇರಾನಿನ ಸೂಸಾದಿಂದ ಟರ್ಕಿಯ ಸಾರ್ಡಿಸ್‌ವರೆಗೆ. ಇದು ರಾಜಮಾರ್ಗ. ಸುಮಾರು 2,500 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ದೆಹಲಿಗಿಂತ ಜಾಸ್ತಿ. ಉದ್ದಕ್ಕೂ 111 ತಂಗುದಾಣಗಳಿದ್ದವು, ನಡೆದು ಹೋದರೆ 90 ದಿನ ಹಿಡಿಯುತ್ತಿತ್ತು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆದರೆ ರಾಜನ ಟಪಾಲು ಅಷ್ಟು ನಿಧಾನ ಅಲ್ಲ. ಪ್ರತಿ ನಿಲ್ದಾಣದಲ್ಲೂ ಹೊಸ ಕುದುರೆ, ಹೊಸ ಸವಾರ ಕಾಯುತ್ತಿರುತ್ತಾರೆ. ಮಕ್ಕಳನ್ನು ಮನೆಯ ಬಾಗಿಲಿಂದ ಹಿತ್ತಿಲವರೆಗೆ ಸಾಲಾಗಿ ನಿಲ್ಲಿಸಿ ಒಂದು ಚೀಟಿ ಕೈಯಿಂದ ಕೈಗೆ ಓಡಿಸಿ. ಆಮೇಲೆ ಒಬ್ಬನೇ ಅಷ್ಟು ದೂರ ನಾಲ್ಕು ಸಲ ಓಡಲಿ. ಯಾವುದು ಬೇಗ ಅಂತ ನೀವು ಹೇಳಬೇಕಾಗಿಲ್ಲ.

ಇಲ್ಲೇ ನಮ್ಮ ಕಡೆಯ ಕೊಂಡಿಯೂ ಸಿಗುತ್ತದೆ. ಗಾಂಧಾರ ಮತ್ತು ಸಿಂಧು ಎರಡೂ ಡೇರಿಯಸ್‌ನ ಪ್ರಾಂತ್ಯಗಳು. ಗ್ರೀಸ್ ಮೇಲೆ ಹೋದ ಸೈನ್ಯದಲ್ಲಿ ಭಾರತದ ಬಿಲ್ಲುಗಾರರೂ ಇದ್ದರು. ಮರದ ಉಣ್ಣೆಯ ಬಟ್ಟೆ ತೊಟ್ಟಿದ್ದರು, ಬೆತ್ತದ ಬಿಲ್ಲು, ಬೆತ್ತದ ಬಾಣ, ಬಾಣದ ತುದಿಗೆ ಕಬ್ಬಿಣ ಅಂತ ಹೆರೊಡೋಟಸ್ ವರ್ಣಿಸುತ್ತಾನೆ. ಮರದ ಉಣ್ಣೆ ಅಂದರೇನು ಅಂತ ಮಕ್ಕಳಿಗೇ ಕೇಳಿ. ಹತ್ತಿ ಅಂತ ಯಾರಾದರೊಬ್ಬರು ಹೇಳೇ ಹೇಳುತ್ತಾರೆ. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ಯವನ ಅನ್ನುವ ಪದವೂ ಇಲ್ಲಿಂದಲೇ ಬಂದದ್ದು. ಟರ್ಕಿಯ ದಡದಲ್ಲಿ ಗ್ರೀಕರು ನೆಲೆಸಿದ್ದ ಸೀಮೆಗೆ ಅಯೋನಿಯ ಅಂತ ಹೆಸರು, ಪರ್ಷಿಯನ್ನರ ಬಾಯಲ್ಲಿ ಅದು ಯೌನ, ನಮ್ಮಲ್ಲಿ ಯವನ. ಹಾಗೆಯೇ ನಮ್ಮ ಸಿಂಧು ಪರ್ಷಿಯನ್ನರ ಬಾಯಲ್ಲಿ ಹಿಂದು ಆಗಿ, ಗ್ರೀಕರ ಬಾಯಲ್ಲಿ ಇಂಡೋಸ್ ಆಗಿ, ಕೊನೆಗೆ ಇಂಡಿಯಾ ಆಯಿತು. ಇಬ್ಬರ ಹೆಸರೂ ಒಂದೇ ದಾರಿಯಲ್ಲಿ ಓಡಾಡಿವೆ ನೋಡಿ.

ಬರ್ಬರ ಅನ್ನುವ ಪದವನ್ನೂ ಈ ಹೊತ್ತಿಗೆ ಹೇಳಿಬಿಡಿ. ಗ್ರೀಕ್ ಬಾರದವರು ಮಾತಾಡಿದರೆ ಗ್ರೀಕರಿಗೆ "ಬರ್ ಬರ್" ಅಂತ ಕೇಳಿಸುತ್ತಿತ್ತಂತೆ, ಅದಕ್ಕೆ ಅಂಥವರೆಲ್ಲ ಬಾರ್ಬರೋಸ್. ಅಷ್ಟು ದೊಡ್ಡ ರಾಜ್ಯ ಕಟ್ಟಿ, ರಸ್ತೆ ಹಾಕಿ, ಟಪಾಲು ನಡೆಸುತ್ತಿದ್ದ ಪರ್ಷಿಯನ್ನರೂ ಇವರ ಲೆಕ್ಕದಲ್ಲಿ ಬಾರ್ಬರೋಸ್. ನಮ್ಮ ಮಕ್ಕಳು ಇದಕ್ಕೆ ಬಿದ್ದು ಬಿದ್ದು ನಕ್ಕರು, ಆಮೇಲೆ ಒಂದು ವಾರ ಮನೆಯಲ್ಲಿ ಯಾರು ಏನು ಹೇಳಿದರೂ "ಬರ್ ಬರ್" ಅಂತಲೇ ಉತ್ತರ.

ಇಸವಿ ಹಿಂದೆ ಹಿಂದೆ ಹೋಗುವ ತಲೆನೋವು

ಕ್ರಿ.ಪೂ. 490 ಆದ ಹತ್ತು ವರ್ಷಕ್ಕೆ ಕ್ರಿ.ಪೂ. 480. ದೊಡ್ಡವರೇ ಇಲ್ಲಿ ಎಡವುತ್ತೇವೆ. ಬಟ್ಟೆ ಒಣಹಾಕುವ ದಾರಕ್ಕೆ ಕ್ಲಿಪ್ ಹಾಕಿ ಚೀಟಿಗಳನ್ನು ನೇತುಹಾಕಿ: 499, 490, 480, 479. ದಾರದ ಬಲತುದಿಯಲ್ಲಿ ಕ್ರಿ.ಶ. 1, ಅದರಾಚೆ ಬಹಳ ದೂರದಲ್ಲಿ ಮಗು ಹುಟ್ಟಿದ ವರ್ಷ. ಸೊನ್ನೆ ಅನ್ನುವ ವರ್ಷ ಇಲ್ಲ, ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1. ಲೆಕ್ಕದಲ್ಲಿ ಆಸಕ್ತಿ ಇರುವ ಮಗುವಿದ್ದರೆ ಮ್ಯಾರಥಾನ್ ಯುದ್ಧಕ್ಕೆ 2,500 ವರ್ಷ ತುಂಬಿದ್ದು ಯಾವಾಗ ಅಂತ ಕೇಳಿ. 2010 ಅಲ್ಲ, 2011. ಉಳಿದ ಮಕ್ಕಳಿಗೆ ಇದು ಬೇಡ, ಬುದ್ಧನ ಕಾಲದ ಆಚೀಚೆ ಅಂದರೆ ಸಾಕು.

ಜಗಳ ಶುರುವಾದದ್ದು

ಅಕ್ಕನ ಮಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಟರ್ಕಿ ದಡದ ಗ್ರೀಕ್ ಊರುಗಳು ಪರ್ಷಿಯಾದ ಕೈಕೆಳಗಿದ್ದವು. ಕ್ರಿ.ಪೂ. 499ರಲ್ಲಿ ಅವು ದಂಗೆ ಎದ್ದವು. ಮಿಲೇಟಸ್ ಎಂಬ ಊರಿನ ಅರಿಸ್ಟಗೋರಸ್ ಸಹಾಯ ಕೇಳಲು ಸ್ಪಾರ್ಟಾಕ್ಕೆ ಹೋದ. ಕಂಚಿನ ಫಲಕದ ಮೇಲೆ ಕೆತ್ತಿದ ಭೂಪಟವನ್ನೂ ಹೊತ್ತುಕೊಂಡು ಹೋಗಿದ್ದ. ಇಲ್ಲಿ ಚಿನ್ನ ಇದೆ, ಅಲ್ಲಿ ಬೆಳ್ಳಿ ಇದೆ ಅಂತ ತೋರಿಸಿದ. ಸ್ಪಾರ್ಟಾದ ರಾಜ ಕ್ಲಿಯೋಮಿನಿಸ್, ಸಮುದ್ರದಿಂದ ಪರ್ಷಿಯಾದ ರಾಜಧಾನಿ ಸೂಸಾಕ್ಕೆ ಎಷ್ಟು ದಿನದ ದಾರಿ ಅಂತ ಕೇಳಿದ. ಮೂರು ತಿಂಗಳು ಅಂತ ಇವನು ಬಾಯಿತಪ್ಪಿ ನಿಜ ಹೇಳಿಬಿಟ್ಟ. ಹೊತ್ತು ಮುಳುಗುವ ಮುಂಚೆ ಊರು ಬಿಡು ಅಂದ ರಾಜ. ನಿಮ್ಮ ಸೀಮೆಸುಣ್ಣದ ಭೂಪಟದ ಮೇಲೆ ಇದನ್ನು ಆಡಿಸಿದರೆ ತುಂಬ ಚೆನ್ನಾಗಿರುತ್ತದೆ.

ಅಥೆನ್ಸ್ ಮಾತ್ರ 20 ಹಡಗು ಕಳಿಸಿತು, ಎರೆಟ್ರಿಯ ಎಂಬ ಊರು 5. ಅವರೆಲ್ಲ ಸೇರಿ ಸಾರ್ಡಿಸ್‌ಗೆ ಬೆಂಕಿ ಇಟ್ಟರು, ಆಮೇಲೆ ಅಥೆನ್ಸಿನವರು ಮನೆಗೆ ಬಂದುಬಿಟ್ಟರು. ಅಂದರೆ ಮೊದಲು ಸಮುದ್ರ ದಾಟಿ ಹೋಗಿ ಊರು ಸುಟ್ಟವರು ಯಾರು? ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ಇರಿ. ಮಕ್ಕಳು ತಾವೇ ಹೇಳಲಿ. ಆ ಹಡಗುಗಳೇ ಎರಡೂ ಕಡೆಯವರ ಕಷ್ಟಕ್ಕೆ ಮೊದಲು ಅಂತ ಗ್ರೀಕನೇ ಆದ ಹೆರೊಡೋಟಸ್ ಬರೆದಿದ್ದಾನೆ. ದಂಗೆಯೇನೋ ಅಡಗಿತು, ಕ್ರಿ.ಪೂ. 494ರಲ್ಲಿ ಮಿಲೇಟಸ್ ಹಾಳಾಯಿತು, ಆದರೆ ಡೇರಿಯಸ್‌ನ ಸಿಟ್ಟು ಇಳಿಯಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಒಬ್ಬ ಆಳು ಮೂರು ಸಲ "ಒಡೆಯ, ಅಥೆನ್ಸಿನವರನ್ನು ಮರೆಯಬೇಡಿ" ಅಂತ ನೆನಪಿಸಬೇಕು ಅಂತ ಅಪ್ಪಣೆ ಮಾಡಿದ್ದನಂತೆ. ರಾತ್ರಿ ಊಟದ ಹೊತ್ತಿಗೆ ಇದನ್ನು ಮನೆಯಲ್ಲಿ ಒಂದು ದಿನ ಆಡಿ ನೋಡಿ, ಬೇಕಾದರೆ "ಒಡೆಯ, ಹೋಮ್‌ವರ್ಕ್ ಮರೆಯಬೇಡಿ" ಅಂತ ಬದಲಾಯಿಸಿಕೊಳ್ಳಿ.

ಆಮೇಲೆ ದೂತರ ಕತೆ. ಒಂದು ಹಿಡಿ ಮಣ್ಣು, ಒಂದು ಲೋಟ ನೀರು ತಂದಿಡಿ. ಪರ್ಷಿಯಾದ ದೂತರು ಊರೂರಿಗೆ ಬಂದು ಕೇಳಿದ್ದು ಇದನ್ನೇ. ಕೊಟ್ಟರೆ ನಮ್ಮ ನೆಲ ನೀರು ನಿಮ್ಮದು ಅಂತ ಒಪ್ಪಿಕೊಂಡ ಹಾಗೆ. ಬಹಳ ಊರುಗಳು ಕೊಟ್ಟವು. ಅಥೆನ್ಸಿನವರು ದೂತರನ್ನು ಹೊಂಡಕ್ಕೆ ತಳ್ಳಿದರು, ಸ್ಪಾರ್ಟಾದವರು ಬಾವಿಗೆ ತಳ್ಳಿ ಅಲ್ಲೇ ಮಣ್ಣು ನೀರು ತಗೊಳ್ಳಿ ಅಂದರು. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಹೊಡೆಯಲಿ ಬಿಡಿ, ಆಮೇಲೆ ಹನುಮಂತ ರಾವಣನ ಸಭೆಯಲ್ಲಿ ನಿಂತಾಗ ವಿಭೀಷಣ ಏನು ಹೇಳಿದ ಅಂತ ನೆನಪಿಸಿ. ದೂತನನ್ನು ಕೊಲ್ಲಬಾರದು ಅಂದ, ಅಲ್ವಾ? ಸ್ಪಾರ್ಟಾದವರಿಗೂ ಮುಂದೆ ಅದೇ ಪಾಪಪ್ರಜ್ಞೆ ಕಾಡಿತು. ಅವರ ಇಬ್ಬರು ಗಂಡಸರು, ಸ್ಪರ್ಥಿಯಾಸ್ ಮತ್ತು ಬೂಲಿಸ್, ಆ ದೂತರ ಬದಲಿಗೆ ನಮ್ಮ ತಲೆ ತಗೊಳ್ಳಿ ಅಂತ ತಾವಾಗಿಯೇ ಸೂಸಾಕ್ಕೆ ಹೋದರು. ಆಗ ರಾಜನಾಗಿದ್ದವನು ಡೇರಿಯಸ್‌ನ ಮಗ ಜರ್ಕ್ಸೀಸ್. ನೀವು ಮಾಡಿದ ತಪ್ಪನ್ನೇ ನಾನೂ ಮಾಡುವುದಿಲ್ಲ ಅಂತ ಹೇಳಿ ಇಬ್ಬರನ್ನೂ ವಾಪಸ್ ಕಳಿಸಿದ. "300" ಅನ್ನುವ ಇಂಗ್ಲಿಷ್ ಸಿನಿಮಾದಲ್ಲಿ ರಾಕ್ಷಸನ ಹಾಗೆ ಕಾಣುವ ಜರ್ಕ್ಸೀಸ್ ಇವನೇ. ಈ ಒಂದು ಪ್ರಸಂಗ ಹೇಳದೆ ಮುಂದೆ ಹೋಗಬೇಡಿ ಅಂತ ನನ್ನ ಕೋರಿಕೆ.

ಮ್ಯಾರಥಾನ್, ಮೊರ, ಓಟ

ಕ್ರಿ.ಪೂ. 490. ಪರ್ಷಿಯಾದ ಹಡಗುಗಳು ಸಮುದ್ರ ದಾಟಿ ಬಂದು ಎರೆಟ್ರಿಯವನ್ನು ಸುಟ್ಟು, ಅಥೆನ್ಸಿಗೆ ಸುಮಾರು 40 ಕಿಲೋಮೀಟರ್ ದೂರದ ಮ್ಯಾರಥಾನ್ ಬಯಲಿನಲ್ಲಿ ಇಳಿದವು. ಅಥೆನ್ಸಿನವರು ಹತ್ತು ಸಾವಿರದ ಆಸುಪಾಸು, ಪುಟ್ಟ ಊರು ಪ್ಲಟೀಯದಿಂದ ಒಂದು ಸಾವಿರ. ಸ್ಪಾರ್ಟಾದವರು ಹುಣ್ಣಿಮೆ ಆಗುವವರೆಗೆ ಹೊರಡುವ ಹಾಗಿಲ್ಲ ಅಂದರು.

ಗ್ರೀಕ್ ಸೈನಿಕನ ಗುರಾಣಿ ದುಂಡಗೆ, ಅಡ್ಡಳತೆ ಸುಮಾರು 90 ಸೆಂಟಿಮೀಟರ್, ತೂಕ ಏಳು ಕಿಲೋ ಹತ್ತಿರ. ಅದು ಎಡಗೈಯಲ್ಲಿರುತ್ತದೆ. ಅರ್ಧ ಅವನನ್ನು ಕಾಯುತ್ತದೆ, ಅರ್ಧ ಅವನ ಎಡಕ್ಕೆ ನಿಂತವನನ್ನು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ನಾಲ್ಕು ಮೊರ ಇದ್ದರೆ ತನ್ನಿ, ಇಲ್ಲದಿದ್ದರೆ ದೊಡ್ಡ ತಟ್ಟೆ. ಮಕ್ಕಳನ್ನು ಒತ್ತೊತ್ತಾಗಿ ಸಾಲು ನಿಲ್ಲಿಸಿ, ಎಡಗೈಯಲ್ಲಿ ಮೊರ ಹಿಡಿಸಿ, ಹೆಜ್ಜೆ ಹಾಕಿಸಿ. ಎದುರಿಗೆ ನಿಂತು ಕಾಗದದ ಉಂಡೆ ಎಸೆಯಿರಿ. ನಡುವೆ ಒಬ್ಬನನ್ನು ಓಡಿಹೋಗು ಅನ್ನಿ. ಉಂಡೆ ಯಾರಿಗೆ ಬಿತ್ತು ನೋಡಿ, ಅವನ ಎಡಕ್ಕಿದ್ದವನಿಗೆ. ಹೆದರಿ ಓಡುವುದು ಯಾಕೆ ಅಷ್ಟು ದೊಡ್ಡ ಅವಮಾನವಾಗಿತ್ತು ಅಂತ ಆಮೇಲೆ ವಿವರಿಸಬೇಕಾಗಿಲ್ಲ. ದೊಣ್ಣೆ ಮಾತ್ರ ಕೊಡಬೇಡಿ. ನಾನು ಕೊಟ್ಟಿದ್ದೆ. ಟ್ಯೂಬ್‌ಲೈಟ್ ಹೋಯಿತು.

ಮ್ಯಾರಥಾನ್ ಓಟದ ಕತೆಯನ್ನು ಶಾಲೆಯಲ್ಲಿ ಕೇಳಿಯೇ ಇರುತ್ತಾರೆ. ಒಬ್ಬ ಓಡಿ ಬಂದು "ಗೆದ್ದೆವು" ಅಂತ ಹೇಳಿ ಪ್ರಾಣ ಬಿಟ್ಟ ಅಂತ. ಇದು "ಹೇಳಿದ್ದು ಯಾರು" ಪ್ರಶ್ನೆಗೆ ಹೇಳಿ ಮಾಡಿಸಿದ ಜಾಗ. ಹೆರೊಡೋಟಸ್ ಇದನ್ನು ಹೇಳುವುದೇ ಇಲ್ಲ. ಅವನು ಹೇಳುವುದು ಬೇರೆ ಓಟ: ಯುದ್ಧಕ್ಕೆ ಮುಂಚೆ ಫಿಡಿಪ್ಪಿಡಿಸ್ ಸಹಾಯ ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದ, ಸುಮಾರು 240 ಕಿಲೋಮೀಟರ್, ಮರುದಿನವೇ ತಲುಪಿದ. ಓಡಿ ಬಂದು ಸತ್ತವನ ಕತೆ ನಮಗೆ ಸಿಗುವುದು ಸುಮಾರು ಆರು ನೂರು ವರ್ಷ ಆದ ಮೇಲೆ ಬರೆದವರಲ್ಲಿ. ಆದರೂ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಟ ಇಟ್ಟದ್ದು ಈ ಓಡಿ ಬಂದು ಸತ್ತವನ ಕತೆಯ ನೆನಪಿಗೆ. ಈಗಿನ 42.195 ಕಿಲೋಮೀಟರ್ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ.

ಸತ್ತ ಅಥೆನ್ಸಿನವರು 192. ಅವರ ಮೇಲೆ ಹಾಕಿದ ಮಣ್ಣಿನ ದಿಬ್ಬ ಇವತ್ತಿಗೂ ಆ ಬಯಲಿನಲ್ಲಿದೆ. ಪರ್ಷಿಯಾದ ಕಡೆ ಸತ್ತವರು 6,400 ಅಂತ ಹೆರೊಡೋಟಸ್‌ನ ಲೆಕ್ಕ. ಎಣಿಸಿದ್ದು ಯಾರು ಅಂತ ಈ ಹೊತ್ತಿಗೆ ಮಕ್ಕಳೇ ಕೇಳಲು ಶುರು ಮಾಡಿರುತ್ತಾರೆ.

ಬೆಳ್ಳಿ ಹಂಚೋಣವೇ, ಹಡಗು ಕಟ್ಟೋಣವೇ?

ಯುದ್ಧಗಳ ನಡುವಿನ ಹತ್ತು ವರ್ಷವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ನನಗೆ ಅದೇ ಇಷ್ಟ. ಕ್ರಿ.ಪೂ. 483ರ ಹೊತ್ತಿಗೆ ಅಥೆನ್ಸಿನ ಲಾರಿಯಂ ಗಣಿಯಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಿತು. ತಲೆಗೆ ಹತ್ತು ದ್ರಾಕ್ಮಾ (ಅವರ ಬೆಳ್ಳಿ ನಾಣ್ಯ) ದಂತೆ ಹಂಚಿಬಿಡೋಣ ಅಂತ ಎಲ್ಲರ ಮಾತು. ಥೆಮಿಸ್ಟೋಕ್ಲಿಸ್ ಅನ್ನುವವನು ಎದ್ದು ನಿಂತು ಬೇಡ, ಹಡಗು ಕಟ್ಟೋಣ ಅಂದ. ಪರ್ಷಿಯಾದ ಭಯ ಹೇಳಲಿಲ್ಲ, ಪಕ್ಕದ ದ್ವೀಪ ಈಜೈನದ ಜೊತೆ ಆಗಲೇ ನಡೆಯುತ್ತಿದ್ದ ಜಗಳವನ್ನು ಮುಂದೆ ಮಾಡಿದ. ಜನ ಒಪ್ಪಿದರು. ಮಕ್ಕಳ ಮುಂದೆ ಒಂದು ಡಬ್ಬ ಚಾಕೊಲೇಟ್ ಇಟ್ಟು, ಈಗಲೇ ತಲೆಗೆರಡು ಬೇಕೋ, ಅಷ್ಟನ್ನೂ ಕೊಟ್ಟು ಎಲ್ಲರಿಗೂ ಸೇರಿ ಒಂದು ಕ್ರಿಕೆಟ್ ಬ್ಯಾಟ್ ಬೇಕೋ ಅಂತ ಮತಕ್ಕೆ ಹಾಕಿ. ನಮ್ಮಲ್ಲಿ ಚಾಕೊಲೇಟ್ ಗೆದ್ದಿತು! ಅಥೆನ್ಸಿನವರು ಎಂಥ ಕಷ್ಟದ ನಿರ್ಧಾರ ಮಾಡಿದ್ದರು ಅಂತ ಆಗ ಗೊತ್ತಾಯಿತು.

ಮತ ಹಾಕಿದವರು ಗಂಡಸರು ಮಾತ್ರ, ಹೆಂಗಸರಿಗೆ ಮತ ಇರಲಿಲ್ಲ, ಆ ಬೆಳ್ಳಿಯನ್ನು ಅಗೆದು ತೆಗೆದ ಗುಲಾಮರಿಗೂ ಇರಲಿಲ್ಲ. ಇದನ್ನು ಮುಚ್ಚಿಡಬೇಡಿ. ಗ್ರೀಕರು ಸ್ವಾತಂತ್ರ್ಯಕ್ಕಾಗಿ ಹೋರಾಡಿದರು ಅನ್ನುವ ಮಾತು ಸುಳ್ಳಲ್ಲ, ಆದರೆ ಸ್ಪಾರ್ಟಾದ ವೀರರ ಹೊಲ ಉಳುತ್ತಿದ್ದ ಹೆಲಟ್ ಜನರಿಗೆ ಆ ಸ್ವಾತಂತ್ರ್ಯ ಇರಲಿಲ್ಲ.

ಇದೇ ಕಾಲದ ಇನ್ನೊಂದು ಪದ್ಧತಿ: ಮಡಕೆ ಚೂರಿನ ಮೇಲೆ ಒಬ್ಬನ ಹೆಸರು ಗೀಚಿ ಮತ ಹಾಕಿ ಅವನನ್ನು ಹತ್ತು ವರ್ಷ ಊರಿಂದ ಆಚೆ ಹಾಕುವುದು. ಥೆಮಿಸ್ಟೋಕ್ಲಿಸ್‌ನ ಹೆಸರಿರುವ ಸುಮಾರು 190 ಚೂರುಗಳು ಒಂದೇ ಬಾವಿಯಲ್ಲಿ ಸಿಕ್ಕಿವೆ, ಬರೆದ ಕೈಗಳು ಕೆಲವೇ. ಅಂದರೆ ಯಾರೋ ಮೊದಲೇ ಬರೆದು ಹಂಚಲು ಇಟ್ಟುಕೊಂಡಿದ್ದರು! ಚುನಾವಣೆ ನೋಡಿದ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಒಡೆದ ಹೂಕುಂಡದ ಚೂರಿನ ಮೇಲೆ ಬರೆಸಿ, ಆದರೆ ದಯವಿಟ್ಟು ಕಾರ್ಟೂನಿನ ಹೆಸರುಗಳನ್ನು ಬರೆಸಿ. ನಾನು ಬುದ್ಧಿ ಇಲ್ಲದೆ ಮಕ್ಕಳ ಹೆಸರನ್ನೇ ಬರೆಯಲು ಬಿಟ್ಟೆ, ನಾಲ್ಕು ಚೂರಿನಲ್ಲಿ ಒಬ್ಬಳದೇ ಹೆಸರು ಬಂತು, ಆ ಮಗು ಅತ್ತುಕೊಂಡು ಮನೆಗೆ ಹೋಯಿತು. ಸಂಜೆ ನಾನೇ ಹೋಗಿ ಕ್ಷಮೆ ಕೇಳಿ ಕರೆದುಕೊಂಡು ಬಂದೆ.

ಹೆರೊಡೋಟಸ್‌ನ ಲೆಕ್ಕ, ನಮ್ಮ ಪಾವು

ಕ್ರಿ.ಪೂ. 480ಕ್ಕೆ ಜರ್ಕ್ಸೀಸ್ ತಾನೇ ಹೊರಟ. ಏಷ್ಯಾ ಮತ್ತು ಯುರೋಪಿನ ನಡುವಿನ ಜಲಸಂಧಿಗೆ ಹಡಗುಗಳನ್ನು ಸಾಲಾಗಿ ಕಟ್ಟಿ ಎರಡು ಸೇತುವೆ ಹಾಕಿಸಿದ. ಮೊದಲ ಸಲ ಬಿರುಗಾಳಿಗೆ ಕಿತ್ತುಹೋಯಿತು, ಸಿಟ್ಟಿಗೆ ಸಮುದ್ರಕ್ಕೇ 300 ಛಡಿ ಏಟು ಹೊಡೆಸಿದನಂತೆ. ಮಕ್ಕಳು ಇದನ್ನು ಜೀವಮಾನ ಮರೆಯುವುದಿಲ್ಲ. ಇದನ್ನೂ ಗ್ರೀಕರೇ ಹೇಳಿದ್ದು ಅಂತ ಒಂದು ಮಾತು ಸೇರಿಸಿ.

ಸೈನ್ಯ ಎಷ್ಟಿತ್ತು? ಹೆರೊಡೋಟಸ್ ಎಣಿಸಿದ ರೀತಿಯನ್ನೂ ಹೇಳುತ್ತಾನೆ. ಹತ್ತು ಸಾವಿರ ಜನರನ್ನು ಒತ್ತೊತ್ತಾಗಿ ನಿಲ್ಲಿಸಿ ಸುತ್ತ ಗೆರೆ ಎಳೆದರು, ಗೆರೆಯ ಮೇಲೆ ಹೊಕ್ಕುಳೆತ್ತರ ಗೋಡೆ ಕಟ್ಟಿದರು, ಆಮೇಲೆ ಅದರೊಳಗೆ ಜನರನ್ನು ತುಂಬಿಸುತ್ತ ಖಾಲಿ ಮಾಡುತ್ತ ಹೋದರು. ಕಾಲಾಳುಗಳು 17 ಲಕ್ಷ. ಅಂದರೆ ಎಷ್ಟು ಸಲ ತುಂಬಿಸಿದರು? 170. ಇದು ನಮ್ಮ ಅಜ್ಜಿಯರ ಪಾವಿನ ಲೆಕ್ಕವೇ. ಒಂದು ಪಾವಿಗೆ ಎಷ್ಟು ಅವರೆಕಾಳು ಹಿಡಿಯುತ್ತದೆ ಅಂತ ಮಕ್ಕಳು ಎಣಿಸಲಿ, ಆಮೇಲೆ ಚೀಲದಲ್ಲಿ ಎಷ್ಟು ಪಾವು ಇದೆ ಅಳೆಯಲಿ, ಗುಣಿಸಲಿ. ಇಬ್ಬರು ಬೇರೆ ಬೇರೆಯಾಗಿ ಅಳೆದರೆ ಇಬ್ಬರ ಉತ್ತರವೂ ಬೇರೆ ಬರುತ್ತದೆ, ಒಬ್ಬ ಮಟ್ಟಸವಾಗಿ ತುಂಬಿರುತ್ತಾನೆ, ಇನ್ನೊಬ್ಬ ಗೋಪುರ ಮಾಡಿರುತ್ತಾನೆ. ಈಗ ಕೇಳಿ: 17 ಲಕ್ಷ ಜನ ದಿನಾ ಎಷ್ಟು ನೀರು ಕುಡಿಯಬೇಕು, ಅಷ್ಟು ಅನ್ನ ಯಾರು ಬೇಯಿಸಿದರು? ಇವತ್ತಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಆ ಸಂಖ್ಯೆ ಒಪ್ಪುವುದಿಲ್ಲ, ಒಂದೆರಡು ಲಕ್ಷದ ಆಚೀಚೆ ಅನ್ನುತ್ತಾರೆ. ಅದೂ ಕಡಿಮೆಯೇನಲ್ಲ.

ಹೆರೊಡೋಟಸ್ ಯಾರು ಅಂತಲೂ ಇಲ್ಲಿ ಹೇಳಿ. ಹುಟ್ಟಿದ್ದು ಟರ್ಕಿ ದಡದ ಹ್ಯಾಲಿಕಾರ್ನಸಸ್‌ನಲ್ಲಿ, ಆಗ ಅದು ಪರ್ಷಿಯಾದ ಅಧೀನ. ಈ ಯುದ್ಧದ ಹೊತ್ತಿಗೆ ಅವನು ಚಿಕ್ಕ ಮಗು. ದೊಡ್ಡವನಾದ ಮೇಲೆ ಮುದುಕರನ್ನು ಕೇಳಿ ಕೇಳಿ ಬರೆದ. ತಾತ ಹೇಳುವ ಹಳೆಯ ಕತೆಗಳಲ್ಲಿ ಹಾವಿನ ಉದ್ದ ವರ್ಷ ವರ್ಷ ಹೇಗೆ ಬೆಳೆಯುತ್ತದೆ ಅಂತ ಗೊತ್ತಲ್ಲ.

ಥರ್ಮಾಪಿಲೆ, ಬೇಗ ಬೇಗ

ಹೌದು, ಮುನ್ನೂರು ಜನರ ಕತೆ ಈಗ ಹೇಳಬಹುದು. ಥರ್ಮಾಪಿಲೆ ಅಂದರೆ ಬೆಟ್ಟಕ್ಕೂ ಸಮುದ್ರಕ್ಕೂ ನಡುವಿನ ಆ ಇಕ್ಕಟ್ಟಾದ ದಾರಿ. ಮಂಚಕ್ಕೂ ಗೋಡೆಗೂ ನಡುವಿನ ಸಂದು ಸಾಕು, ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಆರು ಜನ. ಆರು ಜನರಿದ್ದೂ ಎದುರಿಗೆ ಬರಲು ಆಗುವುದು ಇಬ್ಬರಿಗೆ ಮಾತ್ರ. ಮಂಚದ ಕೆಳಗಿಂದ ಒಬ್ಬ ನುಸುಳಿ ಹಿಂದೆ ಬಂದರೆ ಆಟ ಮುಗಿಯಿತು. ಬೆಟ್ಟದ ಕಳ್ಳದಾರಿ ತೋರಿಸಿಕೊಟ್ಟ ಎಫಿಯಾಲ್ಟಿಸ್ ಮಾಡಿದ್ದು ಅದನ್ನೇ. ಆದರೆ ಅಲ್ಲಿ ಇದ್ದದ್ದು 300 ಜನ ಮಾತ್ರ ಅಲ್ಲ, ಮೊದಲಿಗೆ ಸುಮಾರು 7,000 ಗ್ರೀಕರಿದ್ದರು. ಕೊನೆಯ ದಿನ ಸ್ಪಾರ್ಟಾದ ರಾಜ ಲಿಯೊನಿಡಾಸ್‌ನ ಜೊತೆ ಥೆಸ್ಪಿಯ ಎಂಬ ಊರಿನ 700 ಜನ ತಾವಾಗಿ ನಿಂತು ಸತ್ತರು. ಅವರ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ? ನಮ್ಮ ಹುಡುಗ ಇದಕ್ಕೆ ನಿಜಕ್ಕೂ ಸಿಟ್ಟುಮಾಡಿಕೊಂಡ. ಆ ದಾರಿ ಈಗ ಇಕ್ಕಟ್ಟಾಗಿಲ್ಲ, ನದಿ ತಂದು ಹಾಕಿದ ಮಣ್ಣಿನಿಂದ ಸಮುದ್ರ ಹಲವು ಕಿಲೋಮೀಟರ್ ಆಚೆ ಸರಿದಿದೆ. ಲಿಯೊನಿಡಾಸ್‌ನ ಹೆಣಕ್ಕೆ ಏನು ಮಾಡಿದರು ಅನ್ನುವುದೆಲ್ಲ ಹತ್ತು ವರ್ಷದೊಳಗಿನವರಿಗೆ ಬೇಡ.

ಸಲಾಮಿಸ್, ಒಂದು ಟಬ್ ನೀರು

ಇದಕ್ಕೆ ಒಂದಿಡೀ ಮಧ್ಯಾಹ್ನ ಇಟ್ಟುಕೊಳ್ಳಿ.

ಮೊದಲು ಊರು ಬಿಡುವುದು. ಅಥೆನ್ಸ್ ಉಳಿಯುವುದಿಲ್ಲ ಅಂತ ಗೊತ್ತಾಗಿ ಜನ ದೋಣಿ ಹತ್ತಿದರು. ಮಕ್ಕಳು ಹೆಂಗಸರನ್ನು ಟ್ರೋಯ್ಜೆನ್ ಎಂಬ ಊರಿಗೂ ಬೇರೆ ಕಡೆಗೂ ಕಳಿಸಿದರು. ಬಹಳ ಕಾಲ ಆದ ಮೇಲೆ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಪ್ರಕಾರ ಟ್ರೋಯ್ಜೆನ್‌ನವರು ಆ ಮಕ್ಕಳು ಯಾರ ಮರದ ಹಣ್ಣು ಬೇಕಾದರೂ ಕೀಳಬಹುದು ಅಂತ ಕಾನೂನು ಮಾಡಿದರು, ಮೇಷ್ಟ್ರ ಸಂಬಳವನ್ನೂ ಊರೇ ಕೊಟ್ಟಿತು. ಹಣ್ಣಿನ ವಿಷಯಕ್ಕೆ ಖುಷಿಯಾದ ಮಕ್ಕಳು ಮೇಷ್ಟ್ರ ವಿಷಯಕ್ಕೆ ಮುಖ ಸಿಂಡರಿಸುತ್ತಾರೆ. ಕ್ಸಾಂಥಿಪ್ಪಸ್ ಎಂಬವನ ನಾಯಿ ಯಜಮಾನನನ್ನು ಬಿಟ್ಟಿರಲಾರದೆ ಹಡಗಿನ ಪಕ್ಕದಲ್ಲೇ ಈಜಿ ಸಲಾಮಿಸ್ ದ್ವೀಪ ಮುಟ್ಟಿ ಅಲ್ಲೇ ಸತ್ತಿತು ಅನ್ನುವ ಕತೆಯೂ ಪ್ಲುಟಾರ್ಕ್‌ನದೇ. ಅದನ್ನು ಹೇಳುವ ಮುಂಚೆ ಯೋಚಿಸಿ. ನಮ್ಮಲ್ಲಿ ಎಲ್ಲರೂ ಅತ್ತರು.

ಈಗ ಟಬ್ಬಿನಲ್ಲಿ ನೀರು ತುಂಬಿ, ಎರಡು ಇಟ್ಟಿಗೆ ಹತ್ತಿರ ಹತ್ತಿರ ಇಟ್ಟು ಇಕ್ಕಟ್ಟಾದ ಕಾಲುವೆ ಮಾಡಿ. ಕಾಗದದ ದೋಣಿಗಳು, ಒಂದು ಬಣ್ಣದವು ಹತ್ತು, ಇನ್ನೊಂದು ಬಣ್ಣದವು ಮೂವತ್ತು. ಹೆರೊಡೋಟಸ್‌ನ ಲೆಕ್ಕದಲ್ಲಿ ಗ್ರೀಕರದು 380ರ ಹತ್ತಿರ, ಪರ್ಷಿಯಾದ್ದು ಹೊರಟಾಗ 1,207. ಮೂವತ್ತೂ ದೋಣಿಗಳನ್ನು ಒಟ್ಟಿಗೆ ಆ ಸಂದಿಗೆ ನುಗ್ಗಿಸಲು ಹೇಳಿ. ಒಂದಕ್ಕೊಂದು ತಾಗಿ, ಅಡ್ಡ ತಿರುಗಿ, ಒದ್ದೆಯಾಗಿ ಮುಳುಗುತ್ತವೆ. ಯುದ್ಧ ಅರ್ಥವಾಯಿತು.

ಒಂದು ಹಡಗಿನಲ್ಲಿ ಮೂರು ಅಂತಸ್ತಿನಲ್ಲಿ ಹುಟ್ಟು ಹಾಕುವವರು 170, ಒಟ್ಟು 200 ಜನ. ಎಲ್ಲರೂ ಒಂದೇ ತಾಳಕ್ಕೆ ಎಳೆಯಬೇಕು, ತಾಳ ಹಿಡಿಯಲು ಕೊಳಲು ಊದುವವನು ಬೇರೆ. ಮಕ್ಕಳನ್ನು ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ "ಐಸಾ" ಅಂತ ಎಳೆಯಿಸಿ ನೋಡಿ, ಎರಡು ನಿಮಿಷಕ್ಕೆ ಗಲಾಟೆ.

ಆದರೆ ಪರ್ಷಿಯನ್ನರು ಆ ಸಂದಿಗೆ ಯಾಕೆ ಬಂದರು? ಬರುವ ಹಾಗೆ ಮಾಡಿದ್ದು ಥೆಮಿಸ್ಟೋಕ್ಲಿಸ್. ಗ್ರೀಕರು ಹೆದರಿ ರಾತ್ರೋರಾತ್ರಿ ಓಡಿಹೋಗುತ್ತಿದ್ದಾರೆ, ದಾರಿ ಕಟ್ಟಿ ಅಂತ ಗುಟ್ಟಾಗಿ ಹೇಳಿ ಕಳಿಸಿದ. ಸುದ್ದಿ ಒಯ್ದವನು ಸಿಕಿನ್ನಸ್, ಅವನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಳು. ಮಕ್ಕಳಿಗೆ ಪಾಠ ನೋಡಿಕೊಳ್ಳುವವನು ಇಡೀ ಯುದ್ಧದ ದಿಕ್ಕು ತಿರುಗಿಸಿದ! ನಿಮ್ಮಲ್ಲಿ ಯಾರಾದರೂ ಟ್ಯೂಷನ್ ಹೇಳುವವರಿದ್ದರೆ ಈ ಭಾಗವನ್ನು ಸ್ವಲ್ಪ ಒತ್ತಿ ಹೇಳಿಕೊಳ್ಳಬಹುದು.

ಹೆಣ್ಣುಮಕ್ಕಳು "ನಮಗೆ ಯಾರೂ ಇಲ್ಲವಾ" ಅಂತ ಕೇಳುವ ಹೊತ್ತಿಗೆ ಆರ್ಟೆಮೀಸಿಯಳನ್ನು ಕರೆತನ್ನಿ. ಹೆರೊಡೋಟಸ್‌ನ ಊರಿನದೇ ರಾಣಿ, ಗ್ರೀಕಳು, ಆದರೆ ಪರ್ಷಿಯಾದ ಕಡೆ. ಐದು ಹಡಗಿನ ಒಡತಿ. ಇಲ್ಲಿ ನೀರಿನ ಮೇಲೆ ಯುದ್ಧ ಬೇಡ ಅಂತ ಜರ್ಕ್ಸೀಸ್‌ಗೆ ಮೊದಲೇ ಹೇಳಿದ್ದಳು, ಅವನು ಕೇಳಲಿಲ್ಲ. ಯುದ್ಧದಲ್ಲಿ ಅಥೆನ್ಸಿನ ಹಡಗೊಂದು ಬೆನ್ನಟ್ಟಿದಾಗ ತನ್ನದೇ ಕಡೆಯ ಹಡಗಿಗೆ ಗುದ್ದಿ ಮುಳುಗಿಸಿದಳು. ಬೆನ್ನಟ್ಟಿದವನು ಇದು ನಮ್ಮ ಕಡೆಯದೇ ಇರಬೇಕು ಅಂತ ಬಿಟ್ಟು ಹೋದ. ಗುಡ್ಡದ ಮೇಲೆ ಕೂತು ನೋಡುತ್ತಿದ್ದ ಜರ್ಕ್ಸೀಸ್, ಅವಳು ಶತ್ರುವಿನ ಹಡಗು ಮುಳುಗಿಸಿದಳು ಅಂತ ತಿಳಿದು ಹೊಗಳಿದ. ಅವಳು ಮಾಡಿದ್ದು ಸರಿಯೋ ತಪ್ಪೋ ಅಂತ ನಮ್ಮ ಮನೆಯಲ್ಲಿ ಊಟದವರೆಗೂ ಜಗಳ ನಡೆಯಿತು, ನಾನು ನಡುವೆ ಬಾಯಿ ಹಾಕಲಿಲ್ಲ.

ಮುಗಿಸುವುದು

ಮುಂದಿನ ವರ್ಷ, ಕ್ರಿ.ಪೂ. 479ರಲ್ಲಿ, ಪ್ಲಟೀಯದ ಬಯಲಿನಲ್ಲಿ ಕೊನೆಯ ದೊಡ್ಡ ಯುದ್ಧ. ಪರ್ಷಿಯಾದ ಸೇನಾಪತಿ ಮಾರ್ಡೋನಿಯಸ್ ಸತ್ತ. ಆ ದಿನ ಥೀಬ್ಸ್‌ನ ಗ್ರೀಕರು ಪರ್ಷಿಯಾದ ಪರ ಹೋರಾಡಿದರು ಅನ್ನುವುದನ್ನು ಬಿಡಬೇಡಿ. ಗೆದ್ದವರು ಮೂರು ಹಾವು ಹೆಣೆದುಕೊಂಡ ಕಂಚಿನ ಕಂಬ ಮಾಡಿಸಿ ಗ್ರೀಸ್‌ನ ಡೆಲ್ಫಿ ದೇವಸ್ಥಾನದಲ್ಲಿ ನಿಲ್ಲಿಸಿದರು, ಅದರ ಮೇಲೆ 31 ಊರುಗಳ ಹೆಸರು. ನೂರಾರು ಊರುಗಳಲ್ಲಿ ಬರೀ 31. ಆ ಕಂಬ ಈಗ ಇಸ್ತಾಂಬುಲ್‌ನಲ್ಲಿದೆ, ತಲೆಗಳು ಹೋಗಿವೆ. ಫೋಟೋ ತೋರಿಸಿ.

ದೊಡ್ಡ ಮಕ್ಕಳಿದ್ದರೆ ಇನ್ನೊಂದು ವಿಷಯ ಸೇರಿಸಿ. ಕ್ರಿ.ಪೂ. 472ರಲ್ಲಿ, ಸಲಾಮಿಸ್ ಆಗಿ ಎಂಟೇ ವರ್ಷಕ್ಕೆ, ಈಸ್ಕಿಲಸ್ ಅಥೆನ್ಸಿನಲ್ಲಿ ಒಂದು ನಾಟಕ ಆಡಿಸಿದ. ಅವನು ಮ್ಯಾರಥಾನ್‌ನಲ್ಲಿ ಹೋರಾಡಿದವನು, ಅವನ ತಮ್ಮನೋ ಅಣ್ಣನೋ ಒಬ್ಬ ಅಲ್ಲೇ ಸತ್ತಿದ್ದ. ನಾಟಕ ನಡೆಯುವುದು ಮಾತ್ರ ಸೂಸಾದಲ್ಲಿ. ಜರ್ಕ್ಸೀಸ್‌ನ ತಾಯಿ ಮಗನ ಸುದ್ದಿಗೆ ಕಾಯುತ್ತಿದ್ದಾಳೆ. ಊರು ಸುಟ್ಟುಕೊಂಡ ಜನ ಕೂತು ಶತ್ರುವಿನ ಮನೆಯ ಅಳು ನೋಡಿದರು.

ಆಮೇಲೆ ಮಕ್ಕಳಿಗೇ ಕತೆ ಹೇಳಲು ಬಿಡಿ, ಒಂದೇ ಷರತ್ತು: ಪರ್ಷಿಯಾದ ಕಡೆಯ ಒಬ್ಬನಾಗಿ ಹೇಳಬೇಕು. ಅಡುಗೆಯವನು, ಟಪಾಲು ಸವಾರ, ಸೇತುವೆ ಕಟ್ಟಿದವನು, ಯಾರಾದರೂ ಸರಿ. ಅಕ್ಕನ ಮಗ ಹತ್ತಿ ಬಟ್ಟೆಯ ಬಿಲ್ಲುಗಾರ ಆದ. ಭಾರತದ ಆ ಸೈನಿಕರು ಪ್ಲಟೀಯದ ದಿನವೂ ಅಲ್ಲಿದ್ದರು. ಅವನು ಒಂದು ಹುಣಸೆಬೀಜ ಹಿಡಿದು ಪ್ಲಟೀಯದಿಂದ ಸಾರ್ಡಿಸ್, ಅಲ್ಲಿಂದ ಸೂಸಾ 90 ದಿನ ಅಂತ ಎಣಿಸುತ್ತ ಸೀಮೆಸುಣ್ಣದ ಗೆರೆಯ ಮೇಲೆ ಮಂಡಿಯಲ್ಲಿ ತೆವಳಿಕೊಂಡು ಹೋದ. ಸೂಸಾದಿಂದ ಮುಂದೆ ನಾನು ಗೆರೆಯನ್ನೇ ಎಳೆದಿರಲಿಲ್ಲ. ಸೀಮೆಸುಣ್ಣ ಕೊಡು ಅಂದ, ತಾನೇ ಸಿಂಧುವಿನವರೆಗೆ ಎಳೆದುಕೊಂಡ.